‘ಅಲ್ಲಿ’ ಎನ್ನುವವರು ‘ಇಲ್ಲಿ’ ಎನ್ನುವ ತನಕ: ಬೀದರ್ ಕೋಟೆಯಲ್ಲಿ ಆನ್‌ಲೈನ್ ನಡಿಗೆ ಮಾಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಕೋಟೆಯೊಳಗೆ ನಡೆಯುತ್ತಾ ಅದನ್ನು ಮೊಬೈಲಿನ ವಿಡಿಯೊ ಕರೆಯಲ್ಲಿ ದೂರದವರಿಗೆ ತೋರಿಸಲು ಹೊರಟವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಒಳ್ಳೆಯ ಕ್ಯಾಮೆರಾ ಇರುವ ಫೋನನ್ನು ಯಾರಿಂದಲೋ ಕೇಳಿ ತರುತ್ತಾರೆ, ಗಿಂಬಲ್ (ಫೋನ್ ಅಲುಗದಂತೆ ಹಿಡಿಯುವ ಹಿಡಿಕೆ) ಕೊಳ್ಳುತ್ತಾರೆ, ಥಳಥಳ ಹೊಳೆಯುವ ಚಿತ್ರ ಕಳಿಸುತ್ತಾರೆ. ಯಾದಗಿರಿಯ ಶಾಲೆಯಲ್ಲೋ ಪುಣೆಯ ಮನೆಯಲ್ಲೋ ಕುಳಿತು ನೋಡುವವರು ಐದನೆಯ ನಿಮಿಷಕ್ಕೆ ಆಕಳಿಸುತ್ತಾರೆ. ನಾನು ಮಾಡಿಸಿದ ಮೊದಲ ಮೂರು ನಡಿಗೆಗಳ ಗತಿಯೂ ಅದೇ. ನಾಲ್ಕನೆಯದರಲ್ಲಿ ಫೋನ್ ಬಿದ್ದು ಮಸೂರದ ಗಾಜು ಬಿರುಕು ಬಿಟ್ಟಿತ್ತು, ಚಿತ್ರ ಮಂಜು ಮಂಜು. ಆದರೆ ಅಂದು ಮೊದಲ ಬಾರಿ ಅಂಗಿಗೆ ಮೈಕ್ ಸಿಕ್ಕಿಸಿಕೊಂಡಿದ್ದೆ. ಮೆಟ್ಟಿಲು ಇಳಿಯುವಾಗ ಪುಣೆಯಿಂದ ನೋಡುತ್ತಿದ್ದ ಹುಮನಾಬಾದ್ ಕಡೆಯ ಅಜ್ಜಿಯೊಬ್ಬರು ತಡೆದರು: “ಇಲ್ಲಿ ಪಾಚಿ ಕಟ್ಟಿದೆಯಪ್ಪ, ನೋಡಿ ಕಾಲಿಡು.”

ಅಜ್ಜಿ ‘ಅಲ್ಲಿ’ ಎನ್ನಲಿಲ್ಲ, ‘ಇಲ್ಲಿ’ ಎಂದರು. ನೋಡುವವರು ನಿಮ್ಮ ಪಕ್ಕಕ್ಕೆ ಬಂದು ನಿಂತಿದ್ದಾರೋ ಇಲ್ಲವೋ ಎಂದು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಆ ಪದ ಬರಬೇಕಾದರೆ ಕೆಲಸಗಳನ್ನು ಈ ಕ್ರಮದಲ್ಲೇ ಮಾಡಬೇಕು: ಮೊದಲು ಧ್ವನಿ, ಆಮೇಲೆ ವಿಳಂಬ (ಮಾತು ಆ ಕಡೆ ತಲುಪಲು ಹಿಡಿಯುವ ಹೊತ್ತು), ಆಮೇಲೆ ಕ್ಯಾಮೆರಾದ ಸ್ಥಿರತೆ, ಆಮೇಲೆ ನೋಡುವವರ ಆಯ್ಕೆ. ಚಿತ್ರದ ಹೊಳಪು ಎಲ್ಲಕ್ಕಿಂತ ಕೊನೆಗೆ.

ಕೈಯಲ್ಲಿರಬೇಕಾದ ಸಾಮಾನು

ಮಧ್ಯಮ ದರ್ಜೆಯ ಒಂದು ಫೋನ್ ಸಾಕು. ಅಂಗಿಗೆ ಸಿಕ್ಕಿಸುವ ತಂತಿಯ ಮೈಕ್, ಅದಕ್ಕೆ ಸ್ಪಂಜಿನ ಅಥವಾ ತುಪ್ಪಳದ ಟೋಪಿ, ತಂತಿ ಇರುವ ಇಯರ್‌ಫೋನ್, ಬೇರೆ ಬೇರೆ ಕಂಪನಿಗಳ ಎರಡು ಸಿಮ್, ಪವರ್ ಬ್ಯಾಂಕ್, ಎರಡು ಮೀಟರ್ ದಾರ, ಒಂದು ತೂಕದ ಗುಂಡು ಅಥವಾ ದಪ್ಪನೆಯ ನಟ್ಟು. ಜೊತೆಗೆ ಒಬ್ಬ ಸಹಾಯಕ ಬೇಕೇಬೇಕು. ಒಬ್ಬರೇ ನಡೆದು, ಮಾತಾಡಿ, ಪ್ರಶ್ನೆಗಳನ್ನೂ ಓದುತ್ತೇನೆಂದು ಹೊರಟವರು ಮೂರರಲ್ಲಿ ಒಂದನ್ನು ಕೆಡಿಸುತ್ತಾರೆ. ಹೆಚ್ಚಾಗಿ ಕೆಡುವುದು ನಡಿಗೆ, ಅಂದರೆ ಕಾಲು. ಗಿಂಬಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಳಬೇಕಿಲ್ಲ.

ಹಂತ 1: ಅನುಮತಿ, ವೇಳೆ, ಬಿಸಿಲು

ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್ ನಿಲ್ಲಿಸಲು, ವಿಡಿಯೊ ಕಾರ್ಯಕ್ರಮ ನಡೆಸಲು ಮುಂಚಿತವಾಗಿ ಅನುಮತಿ ಕೇಳಿ. ರಂಗೀನ್ ಮಹಲಿನ ಬಾಗಿಲಿಗೆ ಬೀಗ ಇರುವುದುಂಟು. ತೆರೆದು ತೋರಿಸುವವರು ಅಂದು ಇರುತ್ತಾರೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಡ್ರೋನ್ ಹಾರಿಸುವ ಆಸೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಬೀದರ್ ವಾಯುಪಡೆಯ ತರಬೇತಿ ನೆಲೆ ಇರುವ ಊರು, ಆಕಾಶ ಅವರದು. ಅಲ್ಲದೆ ಹಕ್ಕಿಯ ಕಣ್ಣಿನ ನೋಟದಿಂದ ಯಾರಿಗೂ ‘ಇಲ್ಲಿದ್ದೇನೆ’ ಅನ್ನಿಸುವುದಿಲ್ಲ, ನಾವ್ಯಾರೂ ಹಾಗೆ ನೋಡಿ ಬೆಳೆದವರಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಪಲ್ ತನ್ನ ಫೋನುಗಳನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಲು ಹೇಳುತ್ತದೆ. ಬೇರೆ ಫೋನುಗಳೂ ಬಿಸಿಲಿಗೆ ಹೆದರುವುದರಲ್ಲಿ ಹಿಂದಿಲ್ಲ. ಕಾದ ಫೋನ್ ಮೊದಲು ತೆರೆಯ ಬೆಳಕು ಇಳಿಸುತ್ತದೆ, ನಂತರ ಚಿತ್ರ ತಡವರಿಸುತ್ತದೆ, ಕೊನೆಗೆ ತಾನೇ ಆರಿಹೋಗುತ್ತದೆ. ಬೇಸಿಗೆಯಲ್ಲಾದರೆ ಕೋಟೆ ತೆರೆದ ಕೂಡಲೇ ಹೊರಡಿ. ಫೋನಿನ ಹೊದಿಕೆ ಕಳಚಿ. ಚಾರ್ಜ್ ಮಾಡುತ್ತಾ ಕರೆ ನಡೆಸಿದರೆ ಬಿಸಿ ಇನ್ನಷ್ಟು ಏರುತ್ತದೆ. ತುಂಬಿದ ಬ್ಯಾಟರಿಯೊಂದಿಗೆ ಹೊರಟು, ನೆರಳಿನಲ್ಲಿ ನಿಂತಾಗ ಮಾತ್ರ ಪವರ್ ಬ್ಯಾಂಕ್ ಜೋಡಿಸಿ.

ಹಂತ 2: ದಾರಿಯನ್ನು ಕಿವಿಯಿಂದ ಗುರುತಿಸಿ

ನಡಿಗೆಯ ಹಿಂದಿನ ದಿನ ಫೋನನ್ನು ಜೇಬಿನಲ್ಲಿಟ್ಟು ಇಡೀ ದಾರಿಯನ್ನು ಒಮ್ಮೆ ನಡೆಯಿರಿ. ಕಾಗದದ ಮೇಲೆ ಬರೆಯಬೇಕಾದದ್ದು ಕಂಡದ್ದನ್ನಲ್ಲ, ಕೇಳಿದ್ದನ್ನು. ಶರ್ಜಾ ದರವಾಜಾದ ಹೊರಗೆ ಆಟೊಗಳ ಸದ್ದು. ಗುಂಬದ್ ದರವಾಜಾದ ಗುಮ್ಮಟದ ಕೆಳಗೆ ಬಂದೊಡನೆ ಅದು ಅಡಗಿ, ನಿಮ್ಮ ಚಪ್ಪಲಿಯ ಸದ್ದು ನಿಮಗೇ ದೊಡ್ಡದಾಗಿ ತಿರುಗಿ ಬರುತ್ತದೆ. ಸೋಲಾ ಖಂಬ ಮಸೀದಿಯ ದಪ್ಪ ಕಂಬಗಳ ನಡುವೆ ಪಾರಿವಾಳದ ರೆಕ್ಕೆ ಬಡಿತ. ಗಗನ್ ಮಹಲಿನ ಕಡೆ ಬಯಲು ಗಾಳಿ.

ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಸದ್ದು ಬದಲಾಗುವ ಈ ಹೊಸ್ತಿಲುಗಳೇ ನಿಮ್ಮ ನಡಿಗೆಯ ಬೆನ್ನೆಲುಬು. ಕಣ್ಣು ಮುಚ್ಚಿದರೂ ಬಯಲಿನಿಂದ ಕಮಾನಿನ ಕೆಳಗೆ ಬಂದದ್ದು ನಮಗೆ ಗೊತ್ತಾಗುತ್ತದೆ, ಏಕೆಂದರೆ ಗೋಡೆಗೆ ತಾಗಿ ಮರಳುವ ಧ್ವನಿ ಕೋಣೆಯ ಅಳತೆಯನ್ನು ಹೇಳುತ್ತದೆ. ಐದು ಅಂಗುಲದ ತೆರೆಯಲ್ಲಿ ಗುಮ್ಮಟ ಒಂದು ಬೋಗುಣಿಯಷ್ಟೇ ಕಾಣುವುದು. ಇಯರ್‌ಫೋನಿನಲ್ಲಿ ಅದು ಗುಮ್ಮಟದಷ್ಟೇ ಇರುತ್ತದೆ. ಹಾಗಾಗಿ ಪ್ರತಿ ಹೊಸ್ತಿಲನ್ನೂ ಮಾತಿಲ್ಲದೆ ದಾಟಬೇಕು. ಹತ್ತು ಹೆಜ್ಜೆ ಬಾಯಿ ಮುಚ್ಚಿಕೊಂಡು ನಡೆಯುವುದು ನಮ್ಮಂಥ ವಾಚಾಳಿಗಳಿಗೆ ಕಷ್ಟ. ನಾನು ಅಂಗೈ ಮೇಲೆ ಪೆನ್ನಿನಿಂದ ‘ಸುಮ್ಮನಿರು’ ಎಂದು ಬರೆದುಕೊಳ್ಳುತ್ತೇನೆ.

ಇದೇ ಪಾಠವನ್ನು ಕಲಬುರಗಿಯಲ್ಲೂ ಪರೀಕ್ಷಿಸಬಹುದು. 1367ರ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ಒಳಗೆಲ್ಲಾ ಚಾವಣಿ, ಕಮಾನಿನ ಹಿಂದೆ ಕಮಾನು. ಅಲ್ಲಿ ಪ್ರತಿಧ್ವನಿ ಕೇಳಿಸಬೇಕೆಂದು ಚಪ್ಪಾಳೆ ತಟ್ಟಬೇಡಿ. ಅದು ಪ್ರಾರ್ಥನೆಯ ಜಾಗ. ಬರಿಗಾಲ ಹೆಜ್ಜೆಯ ಸದ್ದೇ ಸಾಕು.

ಇದೇ ಸುತ್ತಿನಲ್ಲಿ ಸಿಗ್ನಲ್ ಕೂಡ ನೋಡಿಕೊಳ್ಳಿ. ದಪ್ಪ ಕಲ್ಲುಗೋಡೆಯ ಒಳಕೋಣೆಗಳಲ್ಲಿ ಅದು ಕುಸಿಯುತ್ತದೆ. ಅಪ್‌ಲೋಡ್ ವೇಗ ಸೆಕೆಂಡಿಗೆ 3 ಮೆಗಾಬಿಟ್‌ಗಿಂತ ಕಡಿಮೆ ಇರುವ ಕಡೆ ನೇರ ವಿಡಿಯೊ ಬೇಡ. ಆ ಕೋಣೆಗಳಿಗೆ ಹಂತ 6ರಲ್ಲಿ ಬೇರೆ ಉಪಾಯವಿದೆ.

ಹಂತ 3: ಮೈಕ್ ಮತ್ತು ‘ಸದ್ದು ಅಡಗಿಸುವ’ ಗುಂಡಿ

ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಟೋಪಿ ಇಲ್ಲದೆ ಬಯಲಿಗೆ ಹೋದರೆ ಗಾಳಿ ಮೈಕಿಗೆ ಹೊಡೆದು, ಕೇಳುವವರ ಕಿವಿಯಲ್ಲಿ ತಗಡು ಎಳೆದಂತಾಗುತ್ತದೆ. ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಮೈಕ್ ಆಯ್ದುಕೊಳ್ಳಿ. ಬಾಯಿಯ ಕಡೆಯದನ್ನು ಮಾತ್ರ ಹಿಡಿಯುವ ಮೈಕಿನಲ್ಲಿ ನಿಮ್ಮ ಧ್ವನಿ ಬರುತ್ತದೆ, ಕೋಟೆ ಬರುವುದಿಲ್ಲ.

ಹತ್ತರಲ್ಲಿ ಎಂಟು ಮಂದಿ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ವಿಡಿಯೊ ಕರೆಯ ಆ್ಯಪ್‌ಗಳು ಮಾತನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಗದ್ದಲವೆಂದು ಅಳಿಸುತ್ತವೆ. ಅವುಗಳ ಲೆಕ್ಕದಲ್ಲಿ ಪಾರಿವಾಳವೂ ಗದ್ದಲ, ಹೆಜ್ಜೆಯೂ ಗದ್ದಲ, ಗುಮ್ಮಟದ ಪ್ರತಿಧ್ವನಿಯಂತೂ ದೋಷ. ನೀವು ಕೋಟೆಯ ನಡುವೆ ನಿಂತಿದ್ದರೂ ಧ್ವನಿ ಮಾತ್ರ ಹತ್ತಿ ತುಂಬಿದ ಪೆಟ್ಟಿಗೆಯಿಂದ ಬಂದಂತೆ ಕೇಳುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇದೆ, ಅದನ್ನು ಚಾಲೂ ಮಾಡಿ. ಬೇರೆ ಆ್ಯಪ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಸದ್ದು ಅಡಗಿಸುವ ಗುಂಡಿ ಹುಡುಕಿ ಆಫ್ ಮಾಡಿ. ಸರಿಯಾಗಿದೆಯೇ ಎಂದು ತಿಳಿಯಲು ಸಹಾಯಕ ಎರಡನೆಯ ಫೋನಿನಲ್ಲಿ ಕರೆಗೆ ಸೇರಿ ದೂರ ನಿಲ್ಲಲಿ. ನೀವು ಒಣ ಎಲೆಯ ಮೇಲೆ ಕಾಲಿಡಿ. ಎಲೆಯ ಸದ್ದು ಅವರ ಇಯರ್‌ಫೋನಿಗೆ ತಲುಪಿದರೆ ಮುಂದುವರಿಯಿರಿ.

ನಡುವೆ ವಾಯುಪಡೆಯ ವಿಮಾನ ತಲೆಯ ಮೇಲೆ ಗುಡುಗಿ ಹೋಗುತ್ತದೆ. “ಕ್ಷಮಿಸಿ, ವಿಮಾನದ ಸದ್ದು” ಎನ್ನಬೇಡಿ. ಮಾತು ನಿಲ್ಲಿಸಿ ಕ್ಯಾಮೆರಾವನ್ನು ಮೇಲಕ್ಕೆತ್ತಿ. ಬೀದರಿನಲ್ಲಿ ನಿಂತವರು ಮಾಡುವುದೂ ಅದನ್ನೇ.

ಹಂತ 4: ವಿಳಂಬವನ್ನು ಇಪ್ಪತ್ತರ ಎಣಿಕೆಯಿಂದ ಅಳೆಯಿರಿ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ, ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತುಕತೆ ಸಹಜವಾಗಿರುತ್ತದೆ, 400 ದಾಟಬಾರದು. ಇದನ್ನು ಅಳೆಯಲು ಯಂತ್ರ ಬೇಡ. ಆ ಕಡೆಯ ಒಬ್ಬರೊಂದಿಗೆ ಸರದಿಯಂತೆ ಎಣಿಸಿ: ನೀವು ಒಂದು, ಅವರು ಎರಡು, ನೀವು ಮೂರು. ಅವರ ‘ಇಪ್ಪತ್ತು’ ನಿಮ್ಮ ಕಿವಿಗೆ ಬೀಳುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. ಇದೇ ಎಣಿಕೆಯನ್ನು ಪಕ್ಕದಲ್ಲಿರುವ ಸಹಾಯಕನೊಂದಿಗೆ ಅದೇ ವೇಗದಲ್ಲಿ ಮಾಡಿ. ಧ್ವನಿ ಒಟ್ಟು 20 ಸಲ ದಾರಿ ಸವೆಸಿದೆ. ಆದ್ದರಿಂದ ಎರಡರ ವ್ಯತ್ಯಾಸವನ್ನು 20ರಿಂದ ಭಾಗಿಸಿದರೆ ಒಮ್ಮುಖ ವಿಳಂಬ ಸಿಗುತ್ತದೆ. ಇದು ಅಂದಾಜು ಲೆಕ್ಕ, ಆದರೆ ನಮ್ಮ ಕೆಲಸಕ್ಕೆ ಸಾಕು. ವ್ಯತ್ಯಾಸ 3 ಸೆಕೆಂಡಿನೊಳಗಿದ್ದರೆ ನೀವು 150ರ ಒಳಗಿದ್ದೀರಿ. 8 ಸೆಕೆಂಡು ಬಂದರೆ 400 ತಲುಪಿದಿರಿ. ಅಂದು ಪ್ರಶ್ನೋತ್ತರ ಇಡಬೇಡಿ ಅಥವಾ ಸಿಮ್ ಬದಲಿಸಿ.

ವಿಳಂಬ ಹೆಚ್ಚಿದರೆ ಏನಾಗುತ್ತದೆ? ಇಬ್ಬರೂ ಒಟ್ಟಿಗೆ ಮಾತು ಶುರುಮಾಡುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ, “ನೀವು ಹೇಳಿ, ನೀವು ಹೇಳಿ” ಎಂದು ಮದುವೆ ಮನೆಯ ಉಪಚಾರ ನಡೆಯುತ್ತದೆ. ಇದನ್ನು ಜನ ತಂತ್ರಜ್ಞಾನದ ತಪ್ಪೆಂದು ತಿಳಿಯುವುದಿಲ್ಲ. ಎದುರಿನವರಿಗೆ ತಮ್ಮಲ್ಲಿ ಆಸಕ್ತಿ ಇಲ್ಲ ಎಂದುಕೊಳ್ಳುತ್ತಾರೆ. ನೋಡುವವರು ಕ್ಯಾಮೆರಾ ಆರಿಸಿ ಮೌನವಾಗುವುದಕ್ಕೆ ಬಹಳ ಸಲ ಇದೇ ಕಾರಣ.

ಬ್ಲೂಟೂತ್ ಇಯರ್‌ಫೋನ್ ತಾನೇ ನೂರು ಮಿಲಿಸೆಕೆಂಡಿಗೂ ಹೆಚ್ಚು ಸೇರಿಸಬಹುದು. ತಂತಿಯದು ಬೇಕೆಂದು ಮೊದಲೇ ಹೇಳಿದ್ದು ಅದಕ್ಕೆ. ಯೂಟ್ಯೂಬ್ ನೇರಪ್ರಸಾರದಲ್ಲಿ ವಿಳಂಬ ಹಲವು ಸೆಕೆಂಡುಗಳಷ್ಟಿರುತ್ತದೆ. ಸಾವಿರ ಜನಕ್ಕೆ ತೋರಿಸಲು ಅದು ಸರಿ, ಹದಿನೈದು ಜನರನ್ನು ಜೊತೆಗೆ ಕರೆದೊಯ್ಯಲು ಅಲ್ಲ. ನನ್ನ ಅನುಭವದಲ್ಲಿ ಹದಿನೈದೇ ಮಿತಿ.

ಹಂತ 5: ಕ್ಯಾಮೆರಾ ಎಂದರೆ ಒಬ್ಬ ಮನುಷ್ಯನ ತಲೆ

ಫೋನನ್ನು ನೆಲದಿಂದ 150–160 ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯಿರಿ. ನೋಡುವವರು ಪ್ರಾಥಮಿಕ ಶಾಲೆಯ ಮಕ್ಕಳಾದರೆ 120ಕ್ಕೆ ಇಳಿಸಿ. ಎದೆಯ ಎತ್ತರದಲ್ಲಿ ಹಿಡಿದ ಫೋನಿನಿಂದ ದೊಡ್ಡವರಿಗೆ ತಾವು ಬಗ್ಗಿ ನಡೆಯುತ್ತಿರುವಂತೆ ಅನ್ನಿಸುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಪಕ್ಕಕ್ಕೆ ತಿರುಗುವಾಗ ಸಿನಿಮಾದವರ ಹಳೆಯ ಲೆಕ್ಕ ಪಾಲಿಸಿ: ಒಂದು ವಸ್ತು ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಲು ಏಳು ಸೆಕೆಂಡು. ಕೈಯಲ್ಲಿ ಹಿಡಿದಾಗ ಇದು ಆಮೆ ನಡಿಗೆಯಂತೆ ತೋರುತ್ತದೆ, ನೋಡುವವರಿಗೆ ಸರಿಯಾಗಿರುತ್ತದೆ. ಕಣ್ಣು ಚಲನೆ ಕಂಡು, ಒಳಕಿವಿ ಮಾತ್ರ ‘ನಾನು ಕುಳಿತೇ ಇದ್ದೇನೆ’ ಎಂದಾಗ ತಲೆಸುತ್ತು ಬರುತ್ತದೆ. ಶಾಲೆಯ ದೊಡ್ಡ ಪರದೆಯಲ್ಲಿ ಇದು ಬೇಗ ಶುರುವಾಗುತ್ತದೆ. ಒಮ್ಮೆ ಮೆಟ್ಟಿಲ ಮೇಲೆ ಓಡಿ ತೋರಿಸಿ ಎರಡು ಮಕ್ಕಳನ್ನು ವಾಂತಿಗೆ ಕಳಿಸಿದ ಪುಣ್ಯಾತ್ಮ ನಾನೇ.

ಇನ್ನೊಂದು ಕಾರಣವೂ ಇದೆ. ವಿಡಿಯೊ ಕರೆ ಪ್ರತಿ ಚೌಕಟ್ಟನ್ನೂ ಪೂರ್ತಿ ಕಳಿಸುವುದಿಲ್ಲ, ಹಿಂದಿನದಕ್ಕಿಂತ ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ನೀವು ಓಡಾಡಿದರೆ ಎಲ್ಲವೂ ಬದಲಾಗುತ್ತದೆ. ಸಿಕ್ಕ ವೇಗ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ನಿಂತರೆ ಕೆಲವೇ ಕ್ಷಣದಲ್ಲಿ ಜಂಬಿಟ್ಟಿಗೆ ಕಲ್ಲಿನ ರಂಧ್ರಗಳೂ ಎಣಿಸುವಂತೆ ಕಾಣುತ್ತವೆ. ಆದ್ದರಿಂದ ಕ್ರಮ ಹೀಗಿರಲಿ: ನಡೆಯುವಾಗ ಕಿವಿಗೆ ಕೆಲಸ, ನಿಂತಾಗ ಕಣ್ಣಿಗೆ ಕೆಲಸ. ಗಾಳಿಗೆ ಅಲುಗುವ ಮರ ಚೌಕಟ್ಟಿನ ತುಂಬಾ ಇದ್ದರೆ ನಿಂತೂ ಪ್ರಯೋಜನವಿಲ್ಲ. ಅದರ ಒಂದೊಂದು ಎಲೆಯೂ ನಿಮ್ಮ ಡೇಟಾ ತಿನ್ನುತ್ತಿರುತ್ತದೆ.

ಹಂತ 6: ಸಿಗ್ನಲ್ ಇಲ್ಲದ ಕೋಣೆಗೆ 360 ಡಿಗ್ರಿಯ ಚಿತ್ರ

ರಂಗೀನ್ ಮಹಲಿನ ಒಳಗೆ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ನೇರ ವಿಡಿಯೊದಲ್ಲಿ ತೋರಿಸಲು ಹೋಗಿ ಕೈಸುಟ್ಟುಕೊಳ್ಳಬೇಡಿ. ಕತ್ತಲೆ, ಸಿಗ್ನಲ್ ಇಲ್ಲ. ಹಿಂದಿನ ದಿನವೇ ಸುತ್ತಲಿನ ಚಿತ್ರ ತೆಗೆದು, ನೋಡುವವರು ತಮ್ಮ ಬೆರಳಿನಿಂದ ತಿರುಗಿಸಿಕೊಳ್ಳುವಂತೆ ಮಾಡಿ.

ತೆಗೆಯುವ ಕ್ರಮ: ದಾರದ ಒಂದು ತುದಿಯನ್ನು ಫೋನಿನ ಮಸೂರದ ಬಳಿ ಕಟ್ಟಿ, ಇನ್ನೊಂದಕ್ಕೆ ತೂಕದ ಗುಂಡು. ನೆಲದ ಮೇಲೆ ಒಂದು ನಾಣ್ಯ ಇಡಿ. ಗುಂಡು ಸದಾ ನಾಣ್ಯದ ಮೇಲೇ ಇರುವಂತೆ, ಫೋನಿನ ಸುತ್ತ ನೀವು ತಿರುಗಿ. ಎಲ್ಲರೂ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ: ತಾವು ನಿಂತಲ್ಲೇ ತಿರುಗಿ, ಫೋನನ್ನು ಕೈಯುದ್ದ ದೂರದಲ್ಲಿ ಸುತ್ತಿಸುತ್ತಾರೆ. ಆಗ ಹತ್ತಿರದ ಕಂಬಕ್ಕೂ ಹಿಂದಿನ ಗೋಡೆಗೂ ಹೊಂದಾಣಿಕೆ ತಪ್ಪಿ, ಜೋಡಿಸಿದ ಚಿತ್ರದಲ್ಲಿ ಕಂಬ ನಡುವೆ ಮುರಿದಂತೆ ಬರುತ್ತದೆ. ಬಯಲಿನಲ್ಲಿ ಈ ತಪ್ಪು ಕಾಣುವುದಿಲ್ಲ, ಕೋಣೆಯಲ್ಲಿ ಎದ್ದು ಕಾಣುತ್ತದೆ.

ಬೆಳಕು ಮತ್ತು ಬಣ್ಣದ ಸಮತೋಲ ಎರಡನ್ನೂ ಬೀಗ ಹಾಕಿದಂತೆ ಸ್ಥಿರಗೊಳಿಸಿ. ಪ್ರತಿ ಚಿತ್ರವೂ ಹಿಂದಿನದರ ಮೂರನೇ ಒಂದು ಭಾಗವನ್ನು ಒಳಗೊಂಡಿರಲಿ. ಚಾವಣಿ, ನೆಲ ಮರೆಯಬೇಡಿ. ಜೋಡಿಸಲು ಹ್ಯೂಗಿನ್ ಎಂಬ ಉಚಿತ ತಂತ್ರಾಂಶವಿದೆ. ಕೊನೆಯ ಚಿತ್ರದ ಅಗಲ ಎತ್ತರದ ಎರಡರಷ್ಟಿರಬೇಕು. ತೋರಿಸಲು ಪ್ಯಾನೆಲ್ಲಮ್ ಬಳಸಬಹುದು, ಅದೂ ಉಚಿತ.

ಈ ಚಿತ್ರದ ಜೊತೆಗೆ ಧ್ವನಿ ಕೊಡದಿದ್ದರೆ ಅದು ದುಂಡಗಿನ ಕ್ಯಾಲೆಂಡರ್ ಅಷ್ಟೆ. ಎರಡು ಪುಟ್ಟ ಮೈಕುಗಳನ್ನು ನಿಮ್ಮ ಎರಡೂ ಕಿವಿಗಳ ಬಳಿ ಸಿಕ್ಕಿಸಿಕೊಂಡು ಅದೇ ಕೋಣೆಯಲ್ಲಿ ಮೂರು ನಿಮಿಷ ಅಲುಗದೆ ನಿಂತು ಧ್ವನಿಮುದ್ರಿಸಿ. ಬಲಗಡೆಯ ಸದ್ದು ಎಡಗಿವಿಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ತಡವಾಗಿ ತಲುಪುತ್ತದೆ. ಆ ಅಲ್ಪ ಅಂತರದಿಂದಲೇ ಮಿದುಳು ದಿಕ್ಕು ಹಿಡಿಯುತ್ತದೆ. ಕರೆಯಲ್ಲಿ ಧ್ವನಿ ಸಾಮಾನ್ಯವಾಗಿ ಒಂದೇ ವಾಹಿನಿಯಾಗಿ ಚಪ್ಪಟೆಯಾಗುವುದರಿಂದ ಈ ಮುದ್ರಿಕೆಯನ್ನು ಬೇರೆ ಕಡತವಾಗಿ ಮೊದಲೇ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ರೂಪದಲ್ಲಿ.

ಹಂತ 7: ಆ ಕಡೆಯ ಕೋಣೆಯನ್ನೂ ಸಿದ್ಧಪಡಿಸಿ

ಮನೆಯಿಂದ ನೋಡುವವರಿಗೆ ಒಂದೇ ಮಾತು: ಇಯರ್‌ಫೋನ್ ಹಾಕಿಕೊಳ್ಳಿ, ಫ್ಯಾನ್ ಸದ್ದು ಕಡಿಮೆ ಮಾಡಿ, ಬೆಳಕು ತಗ್ಗಿಸಿ. ಶಾಲೆಯಾದರೆ ಸ್ಪೀಕರಿನ ಧ್ವನಿ ಅವರ ಮೈಕಿಗೆ ಹೋಗಿ ನಿಮ್ಮ ಮಾತು ನಿಮಗೇ ತಿರುಗಿ ಬರುತ್ತದೆ. ಮೇಷ್ಟ್ರಿಗೆ ಮೊದಲೇ ಹೇಳಿಡಿ: “ಸರ್, ಮಕ್ಕಳು ಪ್ರಶ್ನೆ ಕೇಳುವಾಗ ಮಾತ್ರ ನಿಮ್ಮ ಮೈಕ್ ತೆರೆಯಿರಿ.”

ಸ್ಪರ್ಶಕ್ಕೂ ಒಂದು ದಾರಿ ಇದೆ. ಗುಂಬದ್ ದರವಾಜಾದ ನೆರಳಿಗೆ ಬಂದಾಗ ಮುಟ್ಟಲು ಒಂದು ತಣ್ಣನೆಯ ತಾಮ್ರದ ಚೊಂಬನ್ನೋ ಬೀಸುಕಲ್ಲನ್ನೋ ಪಕ್ಕದಲ್ಲಿಟ್ಟುಕೊಳ್ಳಲು ಹೇಳಿ. ನಾನು ಗೋಡೆಗೆ ಅಂಗೈ ಊರುವ ಕ್ಷಣಕ್ಕೆ ಅವರೂ ಕಲ್ಲಿಗೆ ಅಂಗೈ ಊರಿದರೆ, ಹೇಗೋ ಏನೋ, ಕೆಲಸ ಮಾಡುತ್ತದೆ. ಮನೆಯಲ್ಲಿ ಬಿದರಿ ಡಬ್ಬಿ (ಬೆಳ್ಳಿ ಕುಸುರಿಯ ಕಪ್ಪು ಲೋಹದ ಡಬ್ಬಿ) ಇದ್ದವರು ಅದನ್ನು ಹಿಡಿಯಲಿ. ಅದನ್ನು ಕಪ್ಪಾಗಿಸಲು ನವಸಾಗರದೊಂದಿಗೆ ಬೆರೆಸುವುದು ಈ ಕೋಟೆಯ ಮಣ್ಣನ್ನೇ. ಹಾಗೆಂದು ನೀವು ಮಣ್ಣನ್ನು ಪೊಟ್ಟಣ ಕಟ್ಟಿ ಅಂಚೆಗೆ ಹಾಕಲು ಹೋಗಬೇಡಿ. ಸ್ಮಾರಕದಿಂದ ಚಿಟಿಕೆ ಮಣ್ಣನ್ನೂ ಒಯ್ಯುವಂತಿಲ್ಲ.

ಹಂತ 8: ದಾರಿ ಆರಿಸುವ ಹಕ್ಕು ಅವರಿಗೆ

2009ರಲ್ಲಿ ಮೆಲ್ ಸ್ಲೇಟರ್ ಎಂಬ ಸಂಶೋಧಕರು ಕೃತಕ ಜಗತ್ತಿನ ಭ್ರಮೆಯನ್ನು ಎರಡಾಗಿ ಬಿಡಿಸಿದರು: ‘ನಾನು ಆ ಜಾಗದಲ್ಲಿದ್ದೇನೆ’ ಎನ್ನುವುದು ಒಂದು, ‘ಇಲ್ಲಿ ನಡೆಯುತ್ತಿರುವುದು ನಿಜವಾಗಿ ನಡೆಯುತ್ತಿದೆ’ ಎನ್ನುವುದು ಇನ್ನೊಂದು. ಇಲ್ಲಿಯವರೆಗಿನ ಹಂತಗಳು ಮೊದಲನೆಯದಕ್ಕೆ. ಎರಡನೆಯದು ಹುಟ್ಟುವುದು ಜಾಗವು ನೋಡುವವರಿಗೆ ಉತ್ತರ ಕೊಟ್ಟಾಗ.

ಸೋಲಾ ಖಂಬದ ಮುಂದೆ ನಿಂತು ಕೇಳಿ: “ಕಾಕಾ, ಕಂಬಗಳ ಒಳಗೆ ಹೋಗೋಣವೇ, ಲಾಲ್‌ಬಾಗ್ ಕಡೆಯೇ?” ಅವರು ಹೇಳಿದ ಕಡೆಗೆ ಆ ಕ್ಷಣವೇ ಕಾಲು ಎತ್ತಿ. ನಲವತ್ತು ನಿಮಿಷದಲ್ಲಿ ಇಂಥ ಆಯ್ಕೆ ನಾಲ್ಕಾದರೂ ಇರಲಿ. ಸುಳ್ಳು ಆಯ್ಕೆ ಬೇಡ. ಎಡಕ್ಕೆ ಎಂದರೂ ಬಲಕ್ಕೆ ಎಂದರೂ ಒಂದೇ ಕಡೆ ಕರೆದೊಯ್ಯುವುದನ್ನು ಮಕ್ಕಳು ಎರಡನೆಯ ಸಲಕ್ಕೇ ಪತ್ತೆ ಮಾಡುತ್ತಾರೆ. ಸಹಾಯಕ ಪ್ರಶ್ನೆಗಳನ್ನು ಗಟ್ಟಿಯಾಗಿ ಓದದೆ, ಕೇಳಿದವರ ಹೆಸರನ್ನು ನಿಮ್ಮ ಕಿವಿಯಲ್ಲಿ ಹೇಳಲಿ. ಉತ್ತರವನ್ನು ನೀವು ಆ ಹೆಸರಿನಿಂದ ಆರಂಭಿಸಿ.

ಕೆಡುತ್ತಿರುವ ಸೂಚನೆಗಳು

“ಕೇಳಿಸುತ್ತಿದೆಯೇ?” ಎಂಬ ಪ್ರಶ್ನೆ ನಿಮ್ಮ ಬಾಯಿಂದ ಎರಡನೆಯ ಸಲ ಬಂದರೆ ನಡಿಗೆ ಕುಂಟುತ್ತಿದೆ. ಆ ಪ್ರಶ್ನೆ ಎಲ್ಲರನ್ನೂ ಕೋಟೆಯಿಂದ ಎತ್ತಿ ಮತ್ತೆ ಫೋನಿನ ಮುಂದೆ ಕೂರಿಸುತ್ತದೆ. ಅದನ್ನು ಸಹಾಯಕ ಪಠ್ಯ ಸಂದೇಶದಲ್ಲಿ ಕೇಳಲಿ. ನೋಡುವವರು ಚಿತ್ರದ ಬಗ್ಗೆ ದೂರಿದರೆ ಹೆದರಬೇಡಿ. ಧ್ವನಿಯ ಬಗ್ಗೆ ದೂರಿದರೆ ಅಲ್ಲೇ ನಿಂತು ಸರಿಪಡಿಸಿ. ಚಿತ್ರ ಮಂಜಾದರೆ ಜನ ಸಹಿಸುತ್ತಾರೆ, ಧ್ವನಿ ತುಂಡಾದರೆ ಎದ್ದು ಹೋಗುತ್ತಾರೆ. ಸಂಪರ್ಕ ತೀರಾ ಕುಸಿದಾಗ ವಿಡಿಯೊ ಆರಿಸಿ, ಧ್ವನಿಯಲ್ಲೇ ನಡೆಯುತ್ತಾ ಕಂಡದ್ದನ್ನು ಹೇಳಿ. ಯಾರೂ ಬಿಟ್ಟು ಹೋಗುವುದಿಲ್ಲ, ನಾನು ಮಾಡಿ ನೋಡಿದ್ದೇನೆ.

ಒಳ್ಳೆಯ ಸೂಚನೆಗಳೂ ಇವೆ. ನೋಡುವವರ ಧ್ವನಿ ತಾನಾಗಿ ತಗ್ಗುತ್ತದೆ. ಕಮಾನು ದಾಟುವಾಗ ತೆರೆಯ ಚಿಕ್ಕ ಚೌಕದಲ್ಲಿ ಯಾರೋ ತಲೆ ಬಗ್ಗಿಸುತ್ತಾರೆ. ಮತ್ತೆ ಆ ‘ಇಲ್ಲಿ’.

ಹಂತ 9: ಹೊರಗೆ ಬರುವುದು

ತಖ್ತ್ ಮಹಲಿನ ಮುಂದೆ ನಿಂತು ಧನ್ಯವಾದ ಹೇಳಿ ಕರೆ ಕಡಿಯಬೇಡಿ. ಒಳಗೆ ಕರೆತಂದವರನ್ನು ಅಲ್ಲೇ ಬಿಟ್ಟು ಬಂದಂತಾಗುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿ, ಈ ಸಲ ವಿವರಣೆ ಇಲ್ಲದೆ. ಗುಮ್ಮಟದ ಕೆಳಗಿನ ಹೆಜ್ಜೆ ಸದ್ದು ಮತ್ತೊಮ್ಮೆ ಕೇಳಿಸಲಿ. ಶರ್ಜಾ ದರವಾಜಾ ದಾಟಿ, ಆಟೊಗಳ ಹಾರ್ನ್ ಕಿವಿಗೆ ಬಿದ್ದು, ಚಹಾ ಅಂಗಡಿಯವನು “ಎಷ್ಟು ಜನ?” ಎಂದು ಕೇಳಿದ ಮೇಲೆ ಎಲ್ಲರ ಹೆಸರು ಹೇಳಿ ಬೀಳ್ಕೊಡಿ.